ನಿಲ್ಲಿಸಿಟ್ಟ ಗಾಡಿ



ಜೂನ್ ತಿಂಗಳಿನಿಂದ ನವೆಂಬರ್‌ವರೆಗೆ ನಮ್ಮ ಯುವಜನ ಸಂಘದ ಐದಾರು ಮಂದಿ ಭಾನುವಾರದ ಬಲಿಪೂಜೆ ಮುಗಿದ ಕೂಡಲೇ ಅಕ್ಕಲಕೋಟದ ಬಸ್ಸು ಹತ್ತುತ್ತಿದ್ದದ್ದನ್ನು ನೀವು ನೋಡಿದ್ದೀರಿ. ಸಂಜೆ ಉಗುರಿನ ಸಂದಿಯಲ್ಲಿ ಗ್ರೀಸ್ ಇಟ್ಟುಕೊಂಡು ಜಪಮಾಲೆಗೆ ಬಂದದ್ದಕ್ಕೆ ಹಿರಿಯರಿಂದ ಬೈಸಿಕೊಂಡದ್ದೂ ಉಂಟು. “ಏನ್ ನಡಸೀರಿ ಅಲ್ಲಿ?” ಎಂದು ಕೇಳಿದವರಿಗೆಲ್ಲ “ಉಪದೇಶಿಗಳ ಗಾಡಿ ಚಾಲೂ ಮಾಡಾಕತ್ತೀವ್ರಿ” ಎಂದಷ್ಟೇ ಹೇಳುತ್ತಿದ್ದೆವು. ಗಾಡಿ ಈಗ ರಸ್ತೆಗೆ ಬಂದಿದೆ. ಆದರೆ ನಮ್ಮ ಹತ್ತಿರ ಇಲ್ಲ. ಅದು ಹೇಗೆ ಎಂದು ಹೇಳುವುದಕ್ಕೂ, ಆ ಕೆಲಸ ಮಾಡುವಾಗ ನಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುವುದಕ್ಕೂ ಈ ಬರಹ.

ಪ್ರಶ್ನೆ ಇಷ್ಟೇ: ಕೆಡಿಸದೆ, ಮುರಿಯದೆ, ಕದಿಯದೆ, ಸುಮ್ಮನೆ ಬಿಟ್ಟದ್ದಕ್ಕೂ ನಾವು ಉತ್ತರ ಕೊಡಬೇಕೆ?

ಮೊದಲು ಗಾಡಿಯ ವಿಷಯ. ಅದು 1984ರ ಯೆಜ್ಡಿ ರೋಡ್‌ಕಿಂಗ್. ಈಗಿನ ಹುಡುಗರಿಗೆ ಯೆಜ್ಡಿ ಎಂದರೆ ಷೋರೂಮಿನಲ್ಲಿ ನಿಂತಿರುವ ಹೊಸ ಮಾದರಿಗಳು ನೆನಪಾಗುತ್ತವೆ. ಇದು ಹಳೆಯದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಂಪನಿ 1960ರಲ್ಲಿ ಆರಂಭವಾಯಿತು. ತಂತ್ರಜ್ಞಾನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯದು, ಮಾಲೀಕರು ಇರಾನಿ ಮನೆತನದವರು, ದುಡಿದ ಕೈಗಳು ಮೈಸೂರಿನವು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜಾಹೀರಾತುಗಳಲ್ಲಿ ಅದನ್ನು ‘ಫಾರೆವರ್ ಬೈಕ್’ ಎಂದು ಕರೆಯುತ್ತಿದ್ದರು. ಕಂಪನಿ ಉಳಿಯಲಿಲ್ಲ, ಗಾಡಿಗಳು ಉಳಿದವು. ಜುಲೈ ತಿಂಗಳ ಎರಡನೇ ಭಾನುವಾರವನ್ನು ಅವುಗಳ ಮಾಲೀಕರು ಇಂದಿಗೂ ಜಾವಾ-ಯೆಜ್ಡಿ ದಿನವೆಂದು ಆಚರಿಸುತ್ತಾರೆ. ತಯಾರಿಸಿದವರು ಇಲ್ಲವಾದ ಮೇಲೂ ಒಂದು ಯಂತ್ರ ಮೂವತ್ತು ವರ್ಷ ಓಡುತ್ತಿದೆ ಎಂದರೆ, ಯಾರೋ ಅದನ್ನು ನೋಡಿಕೊಳ್ಳುತ್ತಿದ್ದಾರೆ ಎಂದೇ ಅರ್ಥ.

ನಮ್ಮ ಉಪದೇಶಿಗಳು 1991ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಬಸ್ಸು ದಿನಕ್ಕೆ ಎರಡೇ ಸಲ ಬರುತ್ತಿದ್ದ ಕಾಲದಲ್ಲಿ ಮೈಂದರ್ಗಿ, ನಾಗಣಸೂರ, ದುಧನಿ ಕಡೆಯ ಮನೆಗಳಿಗೆ ಆ ಗಾಡಿಯ ಮೇಲೆ ಹೋಗಿ ಮಕ್ಕಳಿಗೆ ಧರ್ಮೋಪದೇಶದ ಜೊತೆಗೆ ಕನ್ನಡ ಅಕ್ಷರವನ್ನೂ ಕಲಿಸಿದರು. ಗಾಡಿಯ ಸದ್ದು ಕೇಳಿದರೆ ಸಾಕು, ಮಕ್ಕಳು ಪಾಟಿ ಹಿಡಿದುಕೊಂಡು ಕಟ್ಟೆಗೆ ಬರುತ್ತಿದ್ದರಂತೆ. 2015ರಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಯಾರೋ ಗಾಡಿಯನ್ನು ಅಕ್ಕಲಕೋಟದ ಅವರ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ, ಮೇಲೆ ಒಂದು ಹಳೆಯ ಸೊಲ್ಲಾಪುರ ಚಾದರ ಹೊದಿಸಿದರು.

ಅಂದಿನಿಂದ ಅದನ್ನು ಯಾರೂ ಮುಟ್ಟಲಿಲ್ಲ. ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ. ಅದೇ ಗೌರವ ಎಂದು ನಾವು ತಿಳಿದಿದ್ದೆವು. ಪ್ರತಿ ಕ್ರಿಸ್ಮಸ್‌ಗೆ ಅಮ್ಮನಿಗೆ ಕೇಕ್ ಕೊಡಲು ಹೋದಾಗ ಚಾದರ ಸ್ವಲ್ಪ ಸರಿಸಿ, ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಮತ್ತೆ ಚಾದರ ಎಳೆದು ಬರುತ್ತಿದ್ದೆವು. ಫೋಟೋದ ಕೆಳಗೆ ಬರೆಯುತ್ತಿದ್ದದ್ದು: ‘ನಮ್ಮ ಉಪದೇಶಿಗಳ ಗಾಡಿ.’ ಆ ‘ನಮ್ಮ’ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಬೇಕಾಗುತ್ತದೆ.

ಈ ವರ್ಷ ಜೂನ್‌ನಲ್ಲಿ ಚಾದರವನ್ನು ಪೂರ್ತಿ ತೆಗೆದೆವು. ಟ್ಯಾಂಕಿನ ಮೇಲೆ ಬಟ್ಟೆ ಎಲ್ಲೆಲ್ಲಿ ಅಂಟಿಕೊಂಡಿತ್ತೋ ಅಲ್ಲೆಲ್ಲ ಬಣ್ಣದ ಕೆಳಗೆ ತುಕ್ಕಿನ ಗುಳ್ಳೆ ಎದ್ದಿದ್ದವು. ಬಟ್ಟೆ ತಾಗದ ಜಾಗ ಬರೀ ಧೂಳು ಹಿಡಿದು ಚೆನ್ನಾಗಿಯೇ ಇತ್ತು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದರಿಂದ ಕಾರಣ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಹತ್ತಿಯ ಬಟ್ಟೆ ಗಾಳಿಯ ತೇವ ಹೀರಿಕೊಳ್ಳುತ್ತದೆ; ಆ ತೇವವನ್ನು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ; ಒಣಗಲು ಬಿಡುವುದಿಲ್ಲ. ತುಕ್ಕು ಹುಟ್ಟುವುದಕ್ಕೆ ಕಬ್ಬಿಣ, ನೀರು, ಆಮ್ಲಜನಕ ಇಷ್ಟೇ ಸಾಕು. ನಾವು ಮರ್ಯಾದೆಗೆಂದು ಹೊದಿಸಿದ್ದೇ ಗಾಡಿಯನ್ನು ತಿಂದಿತ್ತು.

ಒಳಗಿನ ಸ್ಥಿತಿ ಇನ್ನೂ ಕಷ್ಟದ್ದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ಪೆಟ್ರೋಲಿನ ವಾಸನೆ ಬರಲಿಲ್ಲ, ಹಳೆಯ ವಾರ್ನಿಷ್‌ನ ವಾಸನೆ ಬಂತು. ಅರ್ಧ ತುಂಬಿದ್ದ ಟ್ಯಾಂಕು ಅದು. ಪೆಟ್ರೋಲ್ ಇದ್ದ ಕಡೆ ಅಂಟು ಕಟ್ಟಿತ್ತು, ಖಾಲಿ ಇದ್ದ ಕಡೆ ತೇವದ ಗಾಳಿ ಸೇರಿ ತುಕ್ಕು ಹಿಡಿದಿತ್ತು. ಕಾರ್ಬುರೇಟರಿನ ಜೆಟ್ಟುಗಳ ಕೂದಲೆಳೆಯಂಥ ತೂತುಗಳು ಅದೇ ಅಂಟಿನಿಂದ ಮುಚ್ಚಿಹೋಗಿದ್ದವು. ಕಿಕ್ ಒತ್ತಿದರೆ ಅಲುಗಲಿಲ್ಲ; ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಕ್ಲಚ್ ಕೇಬಲ್ ಕೊಳವೆಯೊಳಗೇ ತುಕ್ಕಾಗಿ ಒಂದಾಗಿಬಿಟ್ಟಿತ್ತು.

ಇಲ್ಲಿ ನಮಗೆ ಮೊದಲ ಪಾಠವಾಯಿತು. ನಿಂತ ಗಾಡಿ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಎಂದು ನಾವು ತಿಳಿಯುತ್ತೇವೆ. ಅದು ತಪ್ಪು. ಓಡುವಾಗ ಎಣ್ಣೆ ಹರಿದು ಲೋಹವನ್ನು ನೆನೆಸುತ್ತದೆ, ಬಿಸಿಯಾಗಿ ತೇವ ಆರುತ್ತದೆ, ರಬ್ಬರು ಮೆತ್ತಗಿರುತ್ತದೆ. ನಿಂತಾಗ ಇವೆಲ್ಲ ನಿಲ್ಲುತ್ತವೆ, ಗಾಳಿ, ನೀರು, ಕಾಲ ಮಾತ್ರ ಕೆಲಸ ಮುಂದುವರಿಸುತ್ತವೆ. ಮಿಲ್ಲುಗಳು ನಿಂತುಹೋದ ಊರು ನಮ್ಮದು. ನಿಂತ ಯಂತ್ರ ಎಂದರೇನು ಎಂದು ಸೊಲ್ಲಾಪುರದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ಮನೆಯ ವಿಷಯಕ್ಕೆ ಬಂದಾಗ ‘ಇದ್ದ ಹಾಗೇ ಇರಲಿ’ ಎಂದುಬಿಡುತ್ತೇವೆ. ಯಾವುದೂ ಇದ್ದ ಹಾಗೇ ಇರುವುದಿಲ್ಲ.

ಯಜಮಾನ ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿ ನಿಮಗೆಲ್ಲ ಗೊತ್ತು. ಅವನು ಕದಿಯಲಿಲ್ಲ, ಪೋಲು ಮಾಡಲಿಲ್ಲ, ಕೊಟ್ಟದ್ದನ್ನು ಹಾಗೆಯೇ ಹಿಂದಕ್ಕೆ ಕೊಟ್ಟ. ಆದರೂ ಬೈಸಿಕೊಂಡ. ಚಿಕ್ಕವರಿದ್ದಾಗ ಇದು ನಮಗೆ ಅನ್ಯಾಯವೆಂದೇ ಕಾಣುತ್ತಿತ್ತು. ಅಕ್ಕಲಕೋಟದ ಪಡಸಾಲೆಯಲ್ಲಿ ಕುಳಿತಾಗ ಅನಿಸಿದ್ದು ಬೇರೆ: ಆ ಸೇವಕನ ಹಣವಾದರೂ ಹೂತಲ್ಲಿ ಹಾಗೇ ಉಳಿದಿತ್ತು. ನಾವು ಹೂತಿಟ್ಟದ್ದು ಅಷ್ಟೂ ಉಳಿದಿರಲಿಲ್ಲ.

ಕೆಲಸ ಶುರುವಾಯಿತು. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ಎಣ್ಣೆ ಬಿಟ್ಟು ಒಂದು ವಾರ ಹಾಗೇ ಬಿಟ್ಟೆವು. ಮುಂದಿನ ಭಾನುವಾರ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದೆವು. ಮೂರನೇ ವಾರ ಪಿಸ್ಟನ್ ಕದಲಿತು. ಟ್ಯಾಂಕಿಗೆ ವಿನೆಗರ್ ಹಾಕಿ, ಒಂದು ಹಿಡಿ ನಟ್ಟುಗಳನ್ನು ಒಳಗೆ ಬಿಟ್ಟು, ತೊಟ್ಟಿಲ ಹಾಗೆ ತೂಗಿದೆವು. ತುಕ್ಕು ಕೆಸರಾಗಿ ಹೊರಬಂತು. ಆಮ್ಲ ಉಳಿಯದಂತೆ ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಒಳಗೆಲ್ಲ ಎಣ್ಣೆ ಆಡಿಸಿದೆವು. ಜೆಟ್ಟುಗಳಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಪೆಟ್ರೋಲಿನ ಅಳತೆಯೇ ತಪ್ಪುತ್ತದೆ ಎಂದು ಕೇಳಿದ್ದೆವು; ನೆನೆಹಾಕಿ ಗಾಳಿ ಊದಿ ಬಿಡಿಸಿದೆವು. ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿ, 0.4 ಮಿಲಿಮೀಟರ್ ಸಂದಿಗೆ ಹೊಂದಿಸಿದೆವು. ಲೀಟರು ಪೆಟ್ರೋಲಿಗೆ 40 ಮಿಲಿ ಟು-ಟಿ ಎಣ್ಣೆ ಬೆರೆಸಿದೆವು.

ಆಗಸ್ಟ್ ಮೊದಲ ಭಾನುವಾರ ಗಾಡಿ ಚಾಲೂ ಆಯಿತು. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ, ಆ ಹಳೆಯ ಸದ್ದು. ಒಳಗಿನಿಂದ ಅಮ್ಮ ಹೊರಗೆ ಬಂದು ಬಾಗಿಲು ಹಿಡಿದುಕೊಂಡು ನಿಂತರು, ಏನೂ ಮಾತಾಡಲಿಲ್ಲ. ನಾವು ವಿಡಿಯೋ ಮಾಡಿದೆವು. ‘ಗಾಡಿ ಬದುಕಿತು’ ಎಂದು ಎಲ್ಲರಿಗೂ ಕಳಿಸಿದೆವು. ನಿಮ್ಮಲ್ಲಿ ಬಹಳ ಜನ ಕೈಮುಗಿದ ಚಿತ್ರ, ಹೂವಿನ ಚಿತ್ರ ಕಳಿಸಿದಿರಿ.

ಮರುದಿನ ಸೊಲ್ಲಾಪುರದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಚಾಚಾ ಅವರಿಗೆ ಆ ವಿಡಿಯೋ ತೋರಿಸಿದೆವು. ನಲವತ್ತು ವರ್ಷದಿಂದ ಇಂಥ ಗಾಡಿಗಳನ್ನೇ ರಿಪೇರಿ ಮಾಡಿದವರು. ಮನೆಮಾತು ಉರ್ದು, ಅಂಗಡಿಮಾತು ಮರಾಠಿ, ನಮ್ಮ ಜೊತೆ ಕನ್ನಡ. ಫೋನನ್ನು ಕಿವಿಗೆ ಹಿಡಿದು ಸದ್ದು ಕೇಳಿ ಹಿಂದಕ್ಕೆ ಕೊಟ್ಟು ಹೇಳಿದರು: “ಇದು ಇಂಜಿನ್ ಚಾಲೂ ಆಗೇದ. ಗಾಡಿ ಆಗಿಲ್ಲ. ಚಾಲೂ ಮಾಡೋದು ಹಗುರ ಅದ. ನಿಂದ್ರಸೋದು ಕಠಿಣ. ಬ್ರೇಕ್ ಬಿಚ್ಚಿ ನೋಡೀರೇನು?”

ನೋಡಿರಲಿಲ್ಲ. ಬಿಚ್ಚಿ ನೋಡಿದಾಗ ಡ್ರಮ್ಮಿನ ಒಳಗೆಲ್ಲ ತುಕ್ಕು, ಬ್ರೇಕ್ ಶೂ ಗಾಜಿನಂತೆ ಗಟ್ಟಿ. ಟೈರುಗಳು ಹೊಸದರಂತೆ ಕಾಣುತ್ತಿದ್ದವು, ಹಲ್ಲು ಸವೆದೇ ಇರಲಿಲ್ಲ. ಉಪದೇಶಿಗಳು ಕೊನೆಗಾಲದಲ್ಲಿ ಹಾಕಿಸಿದ್ದು. ಚಾಚಾ ಟೈರಿನ ಪಕ್ಕೆಯಲ್ಲಿರುವ ನಾಲ್ಕು ಅಂಕಿ ತೋರಿಸಿದರು: ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರ ಮೇಲೆ 1814 ಎಂದಿತ್ತು, ಅಂದರೆ 2014ರ ಹದಿನೆಂಟನೇ ವಾರದ್ದು. ಬೆರಳಿನಿಂದ ಬಗ್ಗಿಸಿದಾಗ ಪಕ್ಕೆಯಲ್ಲಿ ಬಿರುಕುಗಳು ಬಾಯಿ ತೆರೆದವು. ಬಳಸದೆ ಉಳಿದದ್ದು ಹೊಸದಲ್ಲ ಎಂದು ಅದಕ್ಕಿಂತ ಸ್ಪಷ್ಟವಾಗಿ ಯಾರೂ ನಮಗೆ ಹೇಳಿಲ್ಲ.

ಇಂಜಿನ್ನಿನ ಒಳಗೂ ತೊಂದರೆ ಇತ್ತು. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಆ ಕೋಣೆಗೆ ಗಾಳಿ ನುಸುಳಬಾರದು. ನುಸುಳದಂತೆ ತಡೆಯುವ ರಬ್ಬರ್ ಸೀಲುಗಳು ಹತ್ತು ವರ್ಷ ಒಣಗಿ ಗಟ್ಟಿಯಾಗಿದ್ದವು. ಗಾಳಿ ಹೆಚ್ಚಾದರೆ ಇಂಜಿನ್ ಮಿತಿಮೀರಿ ಬಿಸಿಯಾಗುತ್ತದೆ, ಎಣ್ಣೆ ಸಾಲದೆ ಓಡುವಾಗಲೇ ಪಿಸ್ಟನ್ ಕಚ್ಚಿಕೊಳ್ಳಬಹುದು. ಅಕ್ಕಲಕೋಟದ ರಸ್ತೆ ನಿಮಗೆ ಗೊತ್ತು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಬಸ್ಸು, ಜೀಪು, ಕಾಲ್ನಡಿಗೆಯ ಭಕ್ತರು, ಮಧ್ಯೆ ಕಬ್ಬಿನ ಟ್ರ್ಯಾಕ್ಟರ್. ಅಲ್ಲಿ ಹಿಂದಿನ ಚಕ್ರ ಒಮ್ಮೆಲೇ ನಿಂತರೆ ಅದು ನಮ್ಮೊಬ್ಬರ ಮೂಳೆಯ ಪ್ರಶ್ನೆಯಲ್ಲ. ಹಳೆಯದನ್ನು ರಸ್ತೆಗೆ ತರುವವನು ರಸ್ತೆಯಲ್ಲಿರುವ ಎಲ್ಲರಿಗೂ ಮಾತು ಕೊಟ್ಟ ಹಾಗೆ. ನಮ್ಮ ವಿಡಿಯೋದಲ್ಲಿ ಆ ಮಾತು ಇರಲಿಲ್ಲ. ಇಂಜಿನ್ ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ ಚಾಚಾ ಅವರ ಅಂಗಡಿಗೆ ಸಾಗಿಸಿದೆವು.

ಈ ಹೊತ್ತಿಗೆ ನಮ್ಮೊಳಗೇ ವಾದ ಹುಟ್ಟಿತ್ತು. ಒಬ್ಬನ ಮಾತು: “ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳೋದು ಸಾಧ್ಯ ಇಲ್ಲ. ಹಾಗೆ ನೋಡಿದರೆ ಜಗತ್ತಿನಲ್ಲಿ ಹಾಳಾಗುತ್ತಿರುವ ಪ್ರತಿಯೊಂದಕ್ಕೂ ನಾವೇ ತಪ್ಪಿತಸ್ಥರಾಗಬೇಕು.” ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ತಪ್ಪುಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ಒಪ್ಪಿಕೊಳ್ಳುತ್ತೇವೆ. ಆದರೆ ಮಾಡದೆ ಬಿಟ್ಟವುಗಳಿಗೆ ಲೆಕ್ಕವೇ ಇಲ್ಲ. ನಾವು ಈ ಕ್ಷಣ ಮಾಡದಿರುವ ಒಳ್ಳೆಯ ಕೆಲಸಗಳು ಲಕ್ಷ ಇವೆ. ಯಾವುದಕ್ಕೆ ನಾವು ಉತ್ತರ ಕೊಡಬೇಕು, ಯಾವುದಕ್ಕೆ ಬೇಡ? ಗೆರೆ ಎಲ್ಲಿದೆ?

ನಮಗೆ ಸಿಕ್ಕ ಉತ್ತರ ಆ ಫೋಟೋದ ಕೆಳಗಿನ ಮಾತಿನಲ್ಲಿತ್ತು: ‘ನಮ್ಮ.’ ಅದೇ ಓಣಿಯಲ್ಲಿ ಹತ್ತು ವರ್ಷ ಓಡಾಡಿದ ಹಾಲಿನವನು ಆ ಗಾಡಿಗೆ ಏನೂ ಬಾಕಿ ಇಲ್ಲ. ಅವನು ಅದನ್ನು ತನ್ನದು ಎಂದು ಎಂದೂ ಹೇಳಲಿಲ್ಲ. ನಾವು ಹೇಳಿದೆವು. ಹೇಳಿ ಅದರಿಂದ ಲಾಭವನ್ನೂ ಪಡೆದೆವು. ಉಪದೇಶಿಗಳ ನೆನಪು ಇಟ್ಟುಕೊಂಡವರು ಎಂಬ ಒಳ್ಳೆಯ ಹೆಸರು ನಮಗೆ ಬಂತು. ‘ನಮ್ಮದು’ ಎನ್ನುವುದು ಬರೀ ಪ್ರೀತಿಯ ಮಾತಲ್ಲ, ಹೊಣೆಯ ಮಾತು. ಬಾಯಲ್ಲಿ ನಮ್ಮದು ಎಂದು, ಕೈಯಲ್ಲಿ ಬಿಟ್ಟುಬಿಟ್ಟರೆ ಅಲ್ಲಿ ತಪ್ಪು ಹುಟ್ಟುತ್ತದೆ. ನೋಡಿಕೊಳ್ಳಲು ಆಗದಿದ್ದರೆ ‘ನಮ್ಮಿಂದ ಆಗುವುದಿಲ್ಲ’ ಎಂದು ಹೇಳುವುದೂ ಪ್ರಾಮಾಣಿಕತೆಯೇ. ಹಾಗೆ ಹೇಳಿದ್ದರೆ 2015ರಲ್ಲೇ ಬೇರೆ ಯಾರಾದರೂ ಅದನ್ನು ಓಡಿಸುತ್ತಿದ್ದರು. ನಾವು ನೋಡಿಕೊಳ್ಳಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ.

ಇದು ಗಾಡಿಗೆ ಮಾತ್ರ ಸೇರಿದ್ದಲ್ಲ ಎಂದು ತಿಳಿದದ್ದು ಸೀಟಿನ ಕೆಳಗೆ ಉಪದೇಶಿಗಳ ಪುಟ್ಟ ನೋಟ್‌ಬುಕ್ ಸಿಕ್ಕಾಗ. ಎಣ್ಣೆಯ ಅಳತೆ, ಯಾವ ತಿಂಗಳು ಏನು ಬದಲಿಸಿದ್ದು, ಎಲ್ಲವನ್ನೂ ಮೋಡಿ ಅಕ್ಷರದಂಥ ಗಡಿಬಿಡಿಯ ಕನ್ನಡದಲ್ಲಿ ಬರೆದಿದ್ದರು. ನಾವು ಆರು ಮಂದಿ ಇದ್ದೆವು. ಅದನ್ನು ಓದಲು ಬಂದದ್ದು ಇಬ್ಬರಿಗೆ. ಉಳಿದವರು ಮನೆಯಲ್ಲಿ ಕನ್ನಡ ಮಾತಾಡುವವರೇ, ಓದಿದ್ದು ಮರಾಠಿ ಅಥವಾ ಇಂಗ್ಲಿಷ್ ಶಾಲೆಯಲ್ಲಿ. ಕೀರ್ತನೆಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುವವರು. ‘ನಮ್ಮ ಕನ್ನಡ ಪೂಜೆ ಉಳಿಯಬೇಕು’ ಎಂದು ಸಹಿ ಹಾಕಿದ ಮನವಿಯಲ್ಲಿ ಅವರ ಹೆಸರೂ ಇತ್ತು, ನಮ್ಮ ಹೆಸರೂ ಇತ್ತು. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಚಾದರ ಹೊದಿಸಿಟ್ಟದ್ದು ಒಂದೇ ಅಲ್ಲ ಎಂದಷ್ಟೇ.

ಇನ್ನು ಕಾಗದಪತ್ರದ ಕಥೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಉಪದೇಶಿಗಳು 1999, 2004, 2009, 2014 ಪ್ರತಿ ಸಲವೂ ನವೀಕರಿಸಿ, ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. 2019ರಲ್ಲಿ ಮಾಡಬೇಕಾದವರು ನಾವು, ನೆನಪೇ ಇರಲಿಲ್ಲ. ಗಾಡಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಎಂಬುದಿದೆ. ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಎಲ್ಲ ಬೇಕು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣದ ಶುಲ್ಕ 1,000 ರೂಪಾಯಿಯಿಂದ 2,000ಕ್ಕೆ ಏರಿತು. ಮೇಲೆ ತಡ ಮಾಡಿದ್ದಕ್ಕೆ ದಂಡ, ಪರಿಸರ ತೆರಿಗೆ, ವಿಮೆ. “ಹಳ್ಳಿ ರಸ್ತೆಯಲ್ಲಿ ಯಾರು ಕೇಳ್ತಾರೆ, ಹಾಗೇ ಓಡಿಸೋಣ” ಎಂಬ ಮಾತೂ ಬಂತು. ಬ್ರೇಕ್ ಇಲ್ಲದೆ ಓಡಿಸುವುದಕ್ಕೂ ವಿಮೆ ಇಲ್ಲದೆ ಓಡಿಸುವುದಕ್ಕೂ ಬಹಳ ವ್ಯತ್ಯಾಸವಿಲ್ಲ. ಎರಡರಲ್ಲೂ ಪೆಟ್ಟು ಬೀಳುವುದು ಎದುರಿನವನಿಗೆ. ತಪಾಸಣೆಗೆ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಸೊಲ್ಲಾಪುರದ ಆರ್‌ಟಿಒಗೆ ಒಯ್ಯುವುದೆಂದು ತೀರ್ಮಾನಿಸಿದೆವು.

ಆದರೆ ಯಾರ ಹೆಸರಿಗೆ ಮಾಡಿಸುವುದು? ಈ ಪ್ರಶ್ನೆ ಬಂದಾಗ ನಮ್ಮ ಬಾಯಿಂದ ಸಲೀಸಾಗಿ ಬಂದ ಮಾತು: “ಅಮ್ಮನ ಹೆಸರಿಗೆ ಮಾಡಿಸಿ, ಆಮೇಲೆ ಸಂಘದ ಹತ್ತಿರ ಇಟ್ಟುಕೊಳ್ಳೋಣ. ಧರ್ಮಕೇಂದ್ರದ ಹಬ್ಬದ ದಿನ ಮೆರವಣಿಗೆಯಲ್ಲಿ ಮುಂದೆ ಓಡಿಸೋಣ.” ಅಮ್ಮನನ್ನು ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರಿನ ಮಳೆ ನಿಮಗೆಲ್ಲ ನೆನಪಿದೆ. ಸೀನಾ ನದಿ ಉಕ್ಕಿ ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು. ಆ ತಿಂಗಳ ಕೊನೆಯ ಭಾನುವಾರ ಅಕ್ಕಲಕೋಟಕ್ಕೆ ಹೋದಾಗ ಪಡಸಾಲೆಯ ಮಾಳಿಗೆ ಸೋರಿ, ಹೊಸದಾಗಿ ಬಣ್ಣ ಹಾಕಿದ ಟ್ಯಾಂಕಿನ ಮೇಲೆ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಗಾಬರಿಯಾಗಿ ಎಲ್ಲರೂ ಸೇರಿ ಗಾಡಿಯನ್ನು ಒಣ ಮೂಲೆಗೆ ಸರಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒರೆಸಿದೆವು. ಅಮ್ಮ ಒಳಗಿನಿಂದ ಒಂದು ಪಾತ್ರೆ ತಂದು ಸೋರುವ ಜಾಗಕ್ಕೆ ಇಟ್ಟರು. ಒಳಕೋಣೆಯಲ್ಲಿ ಆಗಲೇ ಮೂರು ಪಾತ್ರೆ ಇದ್ದವು, ಒಂದು ಮಂಚದ ಮೇಲೆ. ಚಹಾ ಕೊಡುತ್ತಾ ಅವರು ನಗುತ್ತಲೇ ಹೇಳಿದರು: “ಗಾಡಿ ಸರಸಿದ್ರಿ, ಛಲೋ ಆತು. ಮಾಳಿಗಿ ಹೆಂಗ ಸರಸೋದು?”

ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಹತ್ತು ವರ್ಷ ನಾವು ಕೇಕ್ ತಂದ ಮನೆ ಅದು. ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಕುಳಿತ ಪಡಸಾಲೆ ಅದು. ಟೈರಿನ ಬಿರುಕು ಕಂಡ ನಮ್ಮ ಕಣ್ಣಿಗೆ ಮಾಳಿಗೆಯ ಬಿರುಕು ಕಂಡಿರಲಿಲ್ಲ. ‘ನಮ್ಮ ಉಪದೇಶಿ ಅಮ್ಮ’ ಎಂದು ಅವರನ್ನೂ ಕರೆಯುತ್ತಿದ್ದವರು ನಾವೇ.

ಅವತ್ತು ಮೊದಲ ಸಲ ಕೇಳಿದೆವು: “ಗಾಡಿ ತಯಾರಾದ ಮ್ಯಾಲೆ ಏನ್ ಮಾಡೋಣ್ರಿ ಅಮ್ಮ?” ಉತ್ತರ ತಯಾರಿತ್ತು. “ಮಾರ್ರಿ. ಓಡಸಾವ್ರಿಗೆ ಕೊಡ್ರಿ. ಅವರು ಅದನ್ನ ನಿಂದ್ರಸಾಕ ತಗೊಂಡಿರಲಿಲ್ಲ.”

ನಿಜ ಹೇಳಬೇಕೆಂದರೆ ನಮಗೆ ಬೇಸರವಾಯಿತು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅಷ್ಟು ದುಡಿದವರು ನಾವು, ಸೀಲು ಹುಡುಕಿ ತಂದವರು ನಾವು, ಅದು ಹೇಗೆ ಬೇರೆಯವರಿಗೆ ಹೋಗುತ್ತದೆ? ರಿಪೇರಿ ಮಾಡಿದವನಿಗೆ ತಾನು ರಿಪೇರಿ ಮಾಡಿದ್ದು ತನ್ನದೆನಿಸುತ್ತದೆ. ಆದರೆ ತಡವಾಗಿ ಮಾಡಿದ ಕರ್ತವ್ಯ ಹೊಸ ಹಕ್ಕನ್ನು ಕೊಡುವುದಿಲ್ಲ. ಸಾಲ ತೀರಿಸಿದವನು ಸಾಲ ಕೊಟ್ಟವನ ಮನೆಗೆ ಪಾಲುದಾರನಾಗುವುದಿಲ್ಲವಲ್ಲ.

ಕಾನೂನಿನಲ್ಲಿ ಒಂದು ವಿಚಿತ್ರ ಸಂಗತಿ ಇದೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ‘ವಿಂಟೇಜ್’ ಎಂದು ಬೇರೆಯಾಗಿ ನೋಂದಾಯಿಸಬಹುದು. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ. ಒಂಬತ್ತು ವರ್ಷ ಕಾದರೆ ನಮ್ಮದೂ ಆ ಸಾಲಿಗೆ ಸೇರುತ್ತಿತ್ತು. ಅದು ತಪ್ಪು ಎನ್ನುವುದಿಲ್ಲ, ಇತಿಹಾಸವನ್ನು ಕಾಪಾಡುವವರೂ ಬೇಕು. ಆದರೆ ನಾವು ಮನಸ್ಸಿನಲ್ಲಿ ಮೊದಲೇ ಅದನ್ನು ಪ್ರದರ್ಶನದ ಗಾಡಿ ಮಾಡಿಬಿಟ್ಟಿದ್ದೆವು. ಉಪದೇಶಿಗಳು ಅದನ್ನು ಕೊಂಡದ್ದು ಹಳ್ಳಿ ತಲುಪುವುದಕ್ಕೆ.

ಅಕ್ಟೋಬರಿನಲ್ಲಿ ಹೊಸ ಟೈರು, ಹೊಸ ಬ್ರೇಕ್ ಶೂ, ಹೊಸ ಕೇಬಲ್ಲು, ಹೊಸ ಸೀಲು ಹಾಕಿ ಇಂಜಿನ್ ಕೂರಿಸಿದ್ದಾಯಿತು. ಈಗ ಪಂಪಿನಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿಗೆ ಆಗುವುದಿಲ್ಲ. ಹಾಗಾಗಿ ಪೆಟ್ರೋಲ್ ಪೈಪನ್ನೂ ಬದಲಿಸಿದೆವು. ನಮ್ಮ ಜಿಲ್ಲೆಯ ಕಬ್ಬೇ ಆ ಎಥನಾಲ್ ಆಗುತ್ತಿರುವಾಗ ದೂರಲು ಬಾಯಿಲ್ಲ. ಕಾಗದಪತ್ರಕ್ಕೆ ಆರ್‌ಟಿಒಗೆ ಮೂರು ಸಲ ಹೋಗಬೇಕಾಯಿತು; ಎರಡು ಸಲ ತಪ್ಪು ನಮ್ಮ ಅರ್ಜಿಯಲ್ಲೇ ಇತ್ತು. ಕೊನೆಗೆ ಅಮ್ಮನ ಹೆಸರಿಗೆ ಗಾಡಿ ಬಂತು.

ಕೊಂಡವರು ದುಧನಿ ಕಡೆಯ ಒಬ್ಬ ರೈತರು. ಅವರ ಮನೆಯಲ್ಲಿ ಆಗಲೇ ಒಂದು ಹಳೆಯ ಯೆಜ್ಡಿ ಇದೆ, ಹೊಲಕ್ಕೂ ಸಂತೆಗೂ ಅದೇ. ಬಂದವರು ಬಣ್ಣ ನೋಡಲಿಲ್ಲ. ಇಂಜಿನ್ ಚಾಲೂ ಮಾಡಿ ಕಿವಿಗೊಟ್ಟು ಕೇಳಿ, “ಸೀಲ್ ಬದಲಿ ಮಾಡೀರೇನು?” ಎಂದು ಕೇಳಿದರು. ಹೌದು ಎಂದಾಗ ತಲೆಯಾಡಿಸಿದರು. ಕಿಕ್ ಹೊಡೆದ ಅದೇ ಸನ್ನೆಯನ್ನು ಮುಂದಕ್ಕೆ ಮಡಚಿ ಗೇರಿಗೆ ಹಾಕಿ ಹೊರಟರು. ಈ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಸನ್ನೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಸದ್ದು ಅಡಗುವವರೆಗೂ ಕೇಳಿದರು.

ಉಳಿದದ್ದು ಹಣದ ಮಾತು. ನೀವು ಕೊಟ್ಟ ವಂತಿಗೆ ಸೇರಿ ಗಾಡಿಗೆ 23,400 ರೂಪಾಯಿ ಖರ್ಚಾಗಿತ್ತು. ಮಾರಿದ ಹಣದಲ್ಲಿ ಅಷ್ಟನ್ನು ಹಿಂದಕ್ಕೆ ಪಡೆದು ಯುವಜನ ನಿಧಿಗೆ ಹಾಕಬೇಕು ಎಂದು ಒಬ್ಬರು, ಬೇಡ ಎಂದು ಒಬ್ಬರು. “ಆ ಹಣದಲ್ಲಿ ಇಬ್ಬರು ಮಕ್ಕಳ ಫೀಸು ಕಟ್ಟಬಹುದಿತ್ತು” ಎಂದು ಹಿರಿಯರೊಬ್ಬರು ಮೊದಲೇ ಕೇಳಿದ್ದರು. ಅವರಿಗೆ ನಮ್ಮ ಬಳಿ ಪೂರ್ತಿ ಉತ್ತರ ಇಂದಿಗೂ ಇಲ್ಲ. ಇಷ್ಟು ಹೇಳಬಹುದು: 2015ರಲ್ಲೇ ನೋಡಿಕೊಂಡಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಖರ್ಚಾಗುತ್ತಿರಲಿಲ್ಲ. ಆರ್‌ಟಿಒದಲ್ಲಿ ಕಟ್ಟಿದ್ದು ಮಾತ್ರ ದಂಡವಲ್ಲ, ಇಡೀ 23,400 ನಾವು ತಡ ಮಾಡಿದ್ದಕ್ಕೆ ಕಟ್ಟಿದ ದಂಡ. ದಂಡವನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ. ಕೇಳಲಿಲ್ಲ. ಪೂರ್ತಿ ಹಣ ಅಮ್ಮನದೇ. ಮಾಳಿಗೆಯ ಕೆಲಸ ಮಳೆ ಮುಗಿದ ಮೇಲೆ ಶುರುವಾಗಿದೆ. ಭಾನುವಾರ ಮಧ್ಯಾಹ್ನದ ಅದೇ ಬಸ್ಸಿಗೆ ನಾವು ಈಗ ಮಣ್ಣು ಹೊರಲು ಹೋಗುತ್ತೇವೆ. ಕೈ ಕಡಿಮೆ ಇದೆ, ಬರುವವರು ಬನ್ನಿ.

ಹೋಗುವ ಮುಂಚೆ ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ‘ನಮ್ಮದು’ ಎಂದು ಹೇಳಿ ಚಾದರ ಹೊದಿಸಿಟ್ಟದ್ದು ಏನಾದರೂ ಇದೆಯೇ? ಗಾಡಿಯೇ ಆಗಬೇಕೆಂದಿಲ್ಲ. ಇದ್ದರೆ ಚಾದರ ತೆಗೆಯಿರಿ. ನೋಡಿಕೊಳ್ಳಲು ಆಗುತ್ತದೆಯೇ, ಇವತ್ತೇ ಶುರುಮಾಡಿ. ಆಗುವುದಿಲ್ಲವೇ, ಓಡಿಸುವವರಿಗೆ ಕೊಡಿ.